ಗುಟ್ಟಿನ ಅರಸು: ಪತ್ರಿಕೆಗಳ ಒಂದು ಸಾಹಸ ಚಿತ್ರಮಾಲಿಕೆಯನ್ನು ಕುರಿತು

೧

ಇತಿಹಾಸದ ಅಭ್ಯಾಸಿಗಳು ಶಾಸನ, ಬಖರು, ದಫ್ತರ, ನಾಣ್ಯಗಳನ್ನು ಆಧಾರಗಳೆಂದು ಎಣಿಸುತ್ತಾರೆ. ಪತ್ರಿಕೆಯ ಮೂಲೆಯಲ್ಲಿ ಮೂರು ನಾಲ್ಕು ಚೌಕಗಳಾಗಿ ಅಚ್ಚಾಗುವ ಚಿತ್ರಕಥೆಯನ್ನು ಎಣಿಸುವುದಿಲ್ಲ. ಅದು ಮಕ್ಕಳ ವಿನೋದವೆಂದೂ ಓದಿ ಬಿಸುಡತಕ್ಕದ್ದೆಂದೂ ತಿಳಿಯುವುದು ವಾಡಿಕೆ. ಆದರೆ ಒಂದೇ ಕಥಾನಾಯಕನನ್ನು ಕುರಿತ ಮಾಲಿಕೆಯೊಂದು ಎಂಟು ದಶಕಗಳಿಗೂ ಮಿಕ್ಕಿ ನಡೆದು ಹಲವು ಭಾಷೆಗಳ ಓದುಗರನ್ನು ತಲುಪಿದಾಗ, ಅರಸು, ಪ್ರಜೆ, ನ್ಯಾಯ, ಗತಕಾಲ ಎಂಬ ಕಲ್ಪನೆಗಳನ್ನು ಅದು ಓದುಗರ ಮನಸ್ಸಿನಲ್ಲಿ ಹೇಗೆ ರೂಪಿಸಿತೆಂಬುದು ಇತಿಹಾಸದ ಪ್ರಶ್ನೆಯೇ ಆಗುತ್ತದೆ. ಲೀ ಫಾಕ್ ಎಂಬ ಅಮೆರಿಕದ ಲೇಖಕನು ಆರಂಭಿಸಿದ 'ಫ್ಯಾಂಟಮ್' ಮಾಲಿಕೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮಾಲಿಕೆಯ ಹೊರಗಿನ ಚರಿತ್ರೆ ಸರಳವಾಗಿದೆ. ಫಾಕ್ ೧೯೩೪ರಲ್ಲಿ 'ಮಾಂಡ್ರೇಕ್' ಎಂಬ ಇಂದ್ರಜಾಲಿಗನ ಕಥೆಯನ್ನು ಆರಂಭಿಸಿದ್ದನು. 'ಫ್ಯಾಂಟಮ್' ೧೯೩೬ರ ಫೆಬ್ರುವರಿ ೧೭ರಂದು ದೈನಿಕಗಳಲ್ಲಿ ಮೊದಲಾಯಿತು. ೧೯೩೯ರಿಂದ ರವಿವಾರದ ಪುಟಕ್ಕಾಗಿ ಬೇರೊಂದು ಕಥೆಯೂ ಬರತೊಡಗಿತು. ರೇ ಮೂರ್, ವಿಲ್ಸನ್ ಮೆಕಾಯ್, ೧೯೬೧ರಿಂದ ಮೂರು ದಶಕಗಳಿಗೂ ಹೆಚ್ಚುಕಾಲ ಸೈ ಬ್ಯಾರಿ, ಇವರು ಇದರ ಮುಖ್ಯ ಚಿತ್ರಕಾರರು. ಫಾಕ್ ೧೯೯೯ರಲ್ಲಿ ತೀರಿಕೊಂಡ ಮೇಲೆಯೂ ಬೇರೆಯವರ ಕೈಯಲ್ಲಿ ಮಾಲಿಕೆ ಮುಂದುವರಿಯಿತು. ಭಾರತಕ್ಕೆ ಇದು ೧೯೪೦ರ ದಶಕದಲ್ಲಿ ಮುಂಬಯಿಯ 'ಇಲಸ್ಟ್ರೇಟೆಡ್ ವೀಕ್ಲಿ' ಪತ್ರಿಕೆಯ ಮೂಲಕ ಬಂದಿತು. ೧೯೬೪ರ ಮಾರ್ಚಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 'ಇಂದ್ರಜಾಲ ಕಾಮಿಕ್ಸ್' ಎಂಬ ಪುಸ್ತಿಕೆಗಳನ್ನು ಹೊರಡಿಸತೊಡಗಿದಾಗ ಮೊದಲನೆಯ ಸಂಚಿಕೆಯೇ ಫ್ಯಾಂಟಮನದಾಗಿತ್ತು. ಕನ್ನಡದ ಓದುಗರು ಈ ನಾಯಕನನ್ನು ವಿಶೇಷವಾಗಿ 'ಸುಧಾ' ವಾರಪತ್ರಿಕೆಯ ಪುಟಗಳಲ್ಲಿ ಬಲ್ಲರು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಓದುಗನಿಗೆ ಇನ್ನೊಂದು ದಾರಿಯೂ ಇದ್ದಿತು. ಇಲ್ಲಿಯ ಪೇಟೆಗಳಲ್ಲಿ ಕನ್ನಡದಂತೆಯೇ ಮರಾಠಿ ಪತ್ರಿಕೆ, ಪುಸ್ತಕಗಳೂ ಓದಲ್ಪಡುತ್ತ ಬಂದಿವೆ. ಸಂತೆ, ಸೋಯರಿಕೆ, ದವಾಖಾನೆಗಳಿಗಾಗಿ ಮಿರಜ, ಸಾಂಗಲಿ, ಕೊಲ್ಲಾಪುರಗಳ ಕಡೆಗೆ ಜನರ ನಡೆದಾಟ ನಿತ್ಯದ್ದು. ಮರಾಠಿ ಇಂದ್ರಜಾಲದಲ್ಲಿ ಫ್ಯಾಂಟಮನ ಹೆಸರು 'ವೇತಾಳ'. ಆದುದರಿಂದ ಈ ಗಡಿಸೀಮೆಯಲ್ಲಿ ಒಬ್ಬನೇ ನಾಯಕನು ಎರಡು ಹೆಸರುಗಳಿಂದ ಪರಿಚಿತನಾದನು: ಕನ್ನಡದಲ್ಲಿ ಹೊರಗಿನವನಾಗಿ, ಮರಾಠಿಯಲ್ಲಿ ಊರಿನವನಾಗಿ. ನಮ್ಮ ವಿಚಾರವನ್ನು ಈ ಹೆಸರಿನಿಂದಲೇ ಆರಂಭಿಸಬಹುದು.

೨

ವೇತಾಳನು ಕನ್ನಡಿಗರಿಗೆ ವಿಕ್ರಮರಾಜನ ಹೆಗಲನ್ನೇರಿ ಕಥೆ ಹೇಳುವ ಬೇತಾಳ. ಮಹಾರಾಷ್ಟ್ರ, ಕೊಂಕಣ, ಗೋವೆಗಳಲ್ಲಿ ಅವನು ಅದಕ್ಕಿಂತ ಹೆಚ್ಚಿನವನು. ಅಲ್ಲಿ ಅವನು ಭೂತಗಣದ ಒಡೆಯ, ಗ್ರಾಮದ ಕಾವಲುಗಾರ, ಊರ ಹೊರಗೆ ಕಲ್ಲಿನ ರೂಪದಲ್ಲಿ ಪೂಜೆಗೊಳ್ಳುವ ದೈವ. ಮುಸುಕು ತೊಟ್ಟು ಕಾಡಿನಲ್ಲಿ ಸಂಚರಿಸುವ, ಸಾವಿಲ್ಲದವನೆಂದು ಜನರು ನಂಬುವ ನಾಯಕನಿಗೆ ಈ ಹೆಸರನ್ನು ಆರಿಸಿದ ಭಾಷಾಂತರಕಾರನ ಜಾಣತನವನ್ನು ಒಪ್ಪಲೇಬೇಕು. 'ನಡೆದಾಡುವ ಭೂತ' ಎಂಬ ಮೂಲದ ಬಿರುದಿಗೆ ಇಷ್ಟು ಹೊಂದುವ ದೇಶೀಯ ಪದ ಮತ್ತೊಂದಿಲ್ಲ.

ಆದರೆ ಹೆಸರು ಹೊಂದಿದಷ್ಟು ಅರ್ಥ ಹೊಂದುವುದಿಲ್ಲ. ಗ್ರಾಮದ ವೇತಾಳನು ಆ ಮಣ್ಣಿನವನು. ಅವನಿಗೆ ಹರಕೆಯುಂಟು, ವರ್ಷಕ್ಕೊಮ್ಮೆ ಊರವರ ಲೆಕ್ಕವುಂಟು. ಅವನು ಕಾಯದಿದ್ದರೆ ಜನರು ಅವನನ್ನು ಬೈಯುವುದೂ ಉಂಟು. ಫಾಕನ ನಾಯಕನಾದರೋ ಹೊರಗಿನಿಂದ ಬಂದ ಬಿಳಿಯ ಮನೆತನದವನು. ಮಾಲಿಕೆಯ ಮೂಲಕಥೆಯ ಪ್ರಕಾರ ೧೫೩೬ರಲ್ಲಿ ಕಡಲ್ಗಳ್ಳರು ಒಂದು ಹಡಗನ್ನು ಮುತ್ತಿ ಜನರನ್ನು ಕೊಂದರು. ದಡಕ್ಕೆ ಬಿದ್ದು ಬದುಕಿ ಉಳಿದ ತರುಣನೊಬ್ಬನನ್ನು ಕಾಡಿನ ಕುಳ್ಳಜನರು ಉಪಚರಿಸಿದರು. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು ತನ್ನ ಸಂತತಿಯೆಲ್ಲ ದುಷ್ಟರ ವಿರುದ್ಧ ಹೋರಾಡುವುದೆಂದು ಅವನು ಆಣೆಯಿಟ್ಟನು. ಆ ವಂಶದ ಇಪ್ಪತ್ತೊಂದನೆಯವನೇ ನಮ್ಮ ಕಥಾನಾಯಕ. ಕಾಡಿನ ಜನರಾದರೋ ನಾಲ್ಕು ನೂರು ವರ್ಷಗಳಿಂದ ಒಬ್ಬನೇ ಬದುಕಿದ್ದಾನೆಂದು ನಂಬುತ್ತಾರೆ.

ಆರಂಭದ ಕಥೆಗಳಲ್ಲಿ ಈ ನಾಡಿಗೆ ಏಷ್ಯಾದ ಛಾಯೆಯುಂಟು. ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತದೆ; ಕಡಲ್ಗಳ್ಳರ ಕೂಟಕ್ಕೆ 'ಸಿಂಗ್' ಎಂಬ ಹೆಸರಿದೆ; ಕಾಡಿನಲ್ಲಿ ಹುಲಿಗಳಿವೆ. ಮುಂದೆ ಈ ನಾಡು ಮೆಲ್ಲನೆ ಆಫ್ರಿಕಕ್ಕೆ ಸರಿಯಿತು. ಭಾರತದ ಸಂಪಾದಕರು ನಾಡಿನ ಹೆಸರನ್ನು 'ಡೆಂಕಾಲಿ' ಎಂದು ತಿದ್ದಿದರು. ಕುಳ್ಳಜನರ ಹೆಸರು 'ಬಂದರ್' ಎಂಬುದು ಮಾತ್ರ ವಿಚಾರಕ್ಕೆ ಎಡೆಗೊಡುತ್ತದೆ. ನಮಗೆ ಬಂದರು ಎಂದರೆ ಹಡಗು ತಂಗುವ ರೇವು; ಹಿಂದಿಯಲ್ಲಿ ಅದೇ ಪದಕ್ಕೆ ಕೋತಿಯೆಂದರ್ಥ. ಒಡೆಯನಿಗೆ ಅತ್ಯಂತ ನಿಷ್ಠರಾದ ಪ್ರಜೆಗಳಿಗೆ ಈ ಹೆಸರು ಬಂದುದು ಆಕಸ್ಮಿಕವಾಗಿರಲಿ ಅಲ್ಲದಿರಲಿ, ಎರಡು ನೆಲಗಳನ್ನೂ ದೂರದಿಂದ ಒಂದೇ ಕಾಡೆಂದು ಕಂಡ ಕಣ್ಣಿನ ಗುರುತಾಗಿ ಅದು ಉಳಿದಿದೆ.

೩

ಈಗ ಕಾಲಗಣನೆಯನ್ನು ನೋಡೋಣ. ೧೫೩೬ರಿಂದ ೧೯೩೬ರವರೆಗಿನ ೪೦೦ ವರ್ಷಗಳಲ್ಲಿ ಹಿಂದಿನ ಇಪ್ಪತ್ತು ಜನರ ಆಳಿಕೆ ಮುಗಿಯಿತೆಂದರೆ ತಲೆಗೆ ೨೦ ವರ್ಷಗಳು ಬರುತ್ತವೆ. ಇದು ನಂಬಲಾಗದ ಲೆಕ್ಕವಲ್ಲ. ಬಿಜಾಪುರದ ಆದಿಲಶಾಹಿಯಲ್ಲಿ ೧೪೯೦ರಿಂದ ೧೬೮೬ರವರೆಗೆ ಒಂಬತ್ತು ಸುಲ್ತಾನರು ಆಳಿದರು. ಸರಾಸರಿ ೨೨ ವರ್ಷಗಳಾಗುತ್ತವೆ. ಫಾಕನ ದೋಷ ಗಣಿತದಲ್ಲಿಲ್ಲ, ಗಣಿತದ ಆಚೆಗೆ ಇದೆ. ಆ ಒಂಬತ್ತು ಸುಲ್ತಾನರ ನಡುವೆ ಒಬ್ಬನು ೧೫೩೪ರಲ್ಲಿ ಪದಚ್ಯುತನಾದನು. ೧೫೮೦ರಲ್ಲಿ ಮಕ್ಕಳಿಲ್ಲದೆ ಸತ್ತ ಅಲಿಯ ತರುವಾಯ ತಮ್ಮನ ಮಗನಾದ ಬಾಲಕನೊಬ್ಬನು ಸಿಂಹಾಸನವನ್ನೇರಿದನು. ಕಡೆಯವನಾದ ಸಿಕಂದರನು ೧೬೭೨ರಲ್ಲಿ ಎಳೆಯ ಮಗುವಾಗಿ ಪಟ್ಟಕ್ಕೆ ಬಂದು, ರಾಜ್ಯಭಾರವೆಲ್ಲ ಇತರರ ಕೈಯಲ್ಲಿ ನಡೆಯಿತು. ವಂಶಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ವಂಶಗಳು ಮುರಿಯುವುದರ ಚರಿತ್ರೆ. ಫಾಕನ ವಂಶ ಮುರಿಯುವುದೇ ಇಲ್ಲ.

ನಮ್ಮ ಸೀಮೆಯ ಓದುಗನಿಗೆ ಇದು ವಿಚಿತ್ರವಾಗಿ ತೋರಬೇಕು. ಏಕೆಂದರೆ ವಾರಸುದಾರನಾರು ಎಂಬ ಪ್ರಶ್ನೆಯೇ ಇಲ್ಲಿಯ ಚರಿತ್ರೆಯ ನಡುಗಂಬವಾಗಿದೆ. ೧೮೨೪ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಸರಕಾರದ ಅಧಿಕಾರಿ ಒಪ್ಪದಿದ್ದುದರಿಂದ ಯುದ್ಧವಾಯಿತು. ೧೮೩೯ರಲ್ಲಿ ನಿಪ್ಪಾಣಿಯ ದೇಸಾಯಿ ತೀರಿಕೊಂಡಾಗ ಸರಕಾರ ಒಪ್ಪುವ ವಾರಸುದಾರನಿಲ್ಲದೆ ಆ ಸಂಸ್ಥಾನ ಕಂಪನಿಯ ವಶವಾಯಿತು. ೧೮೫೨ರ ಕಾಯಿದೆಯ ಮೇರೆಗೆ ನಡೆದ ಇನಾಮು ವಿಚಾರಣೆಯಲ್ಲಿ ದಕ್ಷಿಣ ಮರಾಠಾ ಸೀಮೆಯ ಇನಾಮುದಾರರು ತಮ್ಮ ಹಕ್ಕಿಗೆ ಸನದು, ದಾಖಲೆಗಳನ್ನು ತಂದು ತೋರಿಸಬೇಕಾಯಿತು. ಫಾಕನ ನಾಡಿನಲ್ಲಿ ಇಪ್ಪತ್ತೊಂದು ತಲೆಗಳವರೆಗೆ ಯಾರೂ ಯಾರಿಂದಲೂ ಒಂದು ಕಾಗದವನ್ನೂ ಕೇಳುವುದಿಲ್ಲ. ತಲೆಬುರುಡೆಯ ಉಂಗುರವೊಂದೇ ಅಲ್ಲಿ ಸನದು.

ಅದೇ ೪೦೦ ವರ್ಷಗಳಲ್ಲಿ ಈ ನೆಲದ ಮೇಲೆ ನಡೆದುದನ್ನು ಪಕ್ಕದಲ್ಲಿರಿಸಿ ನೋಡಬೇಕು. ೧೫೩೬ರಲ್ಲಿ ಇದು ಮೊದಲನೆಯ ಇಬ್ರಾಹಿಮ ಆದಿಲಶಹನ ರಾಜ್ಯ. ಗೋವೆಯಲ್ಲಿ ಪೋರ್ತುಗೀಜರು ನೆಲೆಯೂರಿ ೨೬ ವರ್ಷಗಳಾಗಿದ್ದವು. ೧೬೭೯ರಲ್ಲಿ ಮೊಗಲ ಸರದಾರ ದಿಲೇರಖಾನನ ಸೈನ್ಯ ವ್ಯಾಪಾರದಿಂದ ಬೆಳೆದ ಅಥಣಿಯನ್ನು ಸೂರೆಗೊಂಡಿತು. ೧೬೮೬ರಲ್ಲಿ ಬಿಜಾಪುರ ಬಿದ್ದಿತು. ಮೊಗಲರು, ಮರಾಠರು, ೧೮೧೮ರ ತರುವಾಯ ಆಂಗ್ಲರು, ಹೀಗೆ ಒಡೆತನ ಕೈಯಿಂದ ಕೈಗೆ ಸಾಗಿತು. ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿದ್ದು ೧೯೪೯ರಲ್ಲಿ ಬೆಳಗಾವಿ ಜಿಲ್ಲೆಗೆ ಸೇರಿತು. ೧೯೫೬ರಲ್ಲಿ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂದಿತು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದುದು ತೀರ ಈಚೆಗೆ. ಇಷ್ಟು ಒಡೆಯರನ್ನು ಕಂಡ ನೆಲದ ಓದುಗನಿಗೆ ಒಬ್ಬನೇ ಒಡೆಯನು ಬದಲಾಗದೆ ಉಳಿಯುವ ಕಥೆಯಲ್ಲಿ ಒಂದು ನೆಮ್ಮದಿ ಸಿಕ್ಕಿರಬಹುದು. ಆ ನೆಮ್ಮದಿಯ ಬೆಲೆ ಏನೆಂಬುದೇ ಮುಂದಿನ ಪ್ರಶ್ನೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಫಾಕನ ಕಾಡಿನಲ್ಲಿ ಕರಿಯ ಜನರು ಆಳಿಸಿಕೊಳ್ಳುವವರು, ಬಿಳಿಯ ಮನೆತನ ಕಾಯುವುದು. ದಖ್ಖನದ ನಿಜವಾದ ಚರಿತ್ರೆ ಬೇರೆಯಾಗಿದೆ. ಅಹಮದನಗರವನ್ನು ಮೊಗಲರ ವಿರುದ್ಧ ಎತ್ತಿ ಹಿಡಿದ ಮಲಿಕ ಅಂಬರನು ಆಫ್ರಿಕದಿಂದ ಗುಲಾಮನಾಗಿ ಬಂದವನು. ದಿಲೇರಖಾನನು ಬಿಜಾಪುರವನ್ನು ಮುತ್ತಿ ಅಥಣಿಯನ್ನು ಸೂರೆಗೊಂಡ ವರ್ಷ ಬಿಜಾಪುರದ ಸೂತ್ರಗಳನ್ನು ಹಿಡಿದಿದ್ದವನು ಸಿದ್ದಿ ಮಸೂದ. ಅದೇ ಮೂಲದ ಸಿದ್ದಿ ಜನರು ಇಂದಿಗೂ ಹಳಿಯಾಳ, ಯಲ್ಲಾಪುರಗಳ ಅಡವಿಸೀಮೆಯಲ್ಲಿ, ನಮ್ಮದೇ ಜಿಲ್ಲೆಯ ಖಾನಾಪುರದ ಕಡೆಯಲ್ಲಿ, ಕನ್ನಡ ಕೊಂಕಣಿಗಳನ್ನಾಡಿ ಬಾಳುತ್ತಿದ್ದಾರೆ. ಇವರನ್ನು ಅರಿಯದ ವಿದ್ಯಾರ್ಥಿಗೆ ಆಫ್ರಿಕದ ಮನುಷ್ಯನ ಮೊದಲ ಪರಿಚಯ ಬಂದರ್ ಕಾಡಿನಿಂದಾದರೆ, ಅದು ಕೇವಲ ವಿನೋದವೆನ್ನುವಂತಿಲ್ಲ.

೪

ಮಾಲಿಕೆಯ ಹೃದಯದಲ್ಲಿರುವುದು ಒಂದು ಗುಟ್ಟು. ನಾಯಕನು ಸಾಯುತ್ತಾನೆ, ಮಗನು ಅದೇ ಉಡುಪನ್ನು ತೊಟ್ಟು ನಿಲ್ಲುತ್ತಾನೆ, ಜನರಿಗೆ ಇದು ತಿಳಿಯಕೂಡದು. ಬಂದರ್ ಜನರು ಮತ್ತು ಕೆಲವು ಆಪ್ತರನ್ನುಳಿದು ನಾಡಿಗೆ ನಾಡೇ ಈ ಮರೆಯಲ್ಲಿ ಬದುಕುತ್ತದೆ. ಆದರೆ ಗುಟ್ಟನ್ನು ಬಲ್ಲವನು ಮತ್ತೊಬ್ಬನಿದ್ದಾನೆ, ಅವನೇ ಓದುಗ.

ಇದು ಚಿತ್ರಮಾಲಿಕೆಯ ರೂಪದಿಂದಲೇ ಹುಟ್ಟಿದ ಸಂಗತಿಯೆಂಬುದನ್ನು ಗಮನಿಸಬೇಕು. ದಿನಕ್ಕೆ ಮೂರು ನಾಲ್ಕು ಚೌಕಗಳಲ್ಲಿ ನಡೆಯುವ ಕಥೆ ನಿನ್ನೆಯದನ್ನು ನೆನಪಿಸಿ ನಾಳೆಗೆ ಕುತೂಹಲವನ್ನು ಉಳಿಸಬೇಕು. ಹೊಸ ಓದುಗನು ಯಾವ ದಿನವಾದರೂ ಬರಬಹುದು. ಅವನಿಗಾಗಿ ಫಾಕ್ ಆಗಾಗ ಮೂಲಕಥೆಯನ್ನು ಮತ್ತೆ ಸಂಗ್ರಹಿಸಿ ಹೇಳುತ್ತಾನೆ: ಹಡಗು, ಕಡಲ್ಗಳ್ಳರು, ಆಣೆ, ತಂದೆಯಿಂದ ಮಗನಿಗೆ ಸಾಗಿದ ವೇಷ. ಹೀಗೆ ಪ್ರತಿಯೊಬ್ಬ ಓದುಗನಿಗೂ ಪ್ರತಿ ಕಥೆಯ ಹೊಸ್ತಿಲಲ್ಲಿ ಗುಟ್ಟಿನ ದೀಕ್ಷೆಯಾಗುತ್ತದೆ. ಮರುಚೌಕದಲ್ಲಿ ಕಾಡಿನ ಜನರು ಬೆರಗಾಗಿ ನಿಂತಾಗ ಓದುಗನು ಅವರೊಡನೆ ಬೆರಗಾಗುವುದಿಲ್ಲ, ಮುಗುಳ್ನಗುತ್ತಾನೆ. ಅವನು ಆಳುವವನ ಪಕ್ಕದಲ್ಲಿ ಕುಳಿತಿದ್ದಾನೆ.

ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ. ನಾಯಕನು ಬಿಳಿಯನೆಂಬ, ಹೊರಗಿನವನೆಂಬ ದೋಷವನ್ನು ಹಲವರು ಎತ್ತಿ ತೋರಿಸಬಲ್ಲರು. ಅದು ಮೇಲ್ಮೈಯ ದೋಷ. ನಾಯಕನ ಬಣ್ಣವನ್ನು ಬದಲಿಸಿ, ಹೆಸರನ್ನು ವೇತಾಳನೆಂದು ಮಾಡಿದರೂ ಒಳಗಿನ ಏರ್ಪಾಡು ಹಾಗೆಯೇ ಉಳಿಯುತ್ತದೆ. ಜನರ ಕ್ಷೇಮಕ್ಕಾಗಿ ಜನರಿಗೆ ಸುಳ್ಳು ಹೇಳಬಹುದು, ಆ ಸುಳ್ಳು ತಲೆಮಾರುಗಳವರೆಗೆ ನಡೆಯಬಹುದು, ಅದನ್ನು ಬಲ್ಲ ನಾವು ಜನರಿಗಿಂತ ಮೇಲಿನವರು ಎಂಬ ಭಾವವನ್ನು ಮಾಲಿಕೆ ಪ್ರತಿದಿನವೂ ಓದುಗನಲ್ಲಿ ಬಿತ್ತುತ್ತದೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿಯುವವರ ಮಗನೂ ಚಿಕ್ಕೋಡಿಯ ರೈತನ ಮಗನೂ ಪುಸ್ತಿಕೆಯನ್ನು ಬಿಚ್ಚಿದಾಗ ತಾವು ನಿಜವಾಗಿ ಸೇರುವ ಗುಂಪಿನೊಡನಲ್ಲ, ಆ ಗುಂಪನ್ನು ಮರೆಯಲ್ಲಿರಿಸುವವನೊಡನೆ ಒಂದಾದರು.

ಗುಹೆಯಲ್ಲಿರುವ ದಿನಚರಿಗಳೂ ಇದೇ ಮಾತನ್ನು ಹೇಳುತ್ತವೆ. ಪ್ರತಿಯೊಬ್ಬ ನಾಯಕನೂ ತನ್ನ ಸಾಹಸಗಳನ್ನು ದೊಡ್ಡ ಹೊತ್ತಿಗೆಗಳಲ್ಲಿ ಬರೆದಿಡುತ್ತಾನೆ, ಮುಂದಿನವನು ಓದುತ್ತಾನೆ. ಆಳುವವನೇ ಬರೆದು ಆಳುವವನೇ ಓದುವ ಈ ಚರಿತ್ರೆಗೆ ಸಾಕ್ಷಿಗಳಿಲ್ಲ. ರಾಯಬಾಗದಲ್ಲಿ ದೊರೆತ ರಟ್ಟರ ಕಾಲದ ಶಾಸನವನ್ನಾಗಲಿ, ನಮ್ಮ ಯಾವುದೇ ದಾನಶಾಸನವನ್ನಾಗಲಿ ಇದಕ್ಕೆ ಹೋಲಿಸಿ ನೋಡಬಹುದು. ಶಾಸನವೂ ಅರಸನನ್ನು ಹೊಗಳುತ್ತದೆ. ಆದರೆ ಅದು ಬಯಲಿನಲ್ಲಿ, ದೇವಾಲಯದ ಎದುರಿನಲ್ಲಿ, ಭೂಮಿಯ ಎಲ್ಲೆಗಳನ್ನು ಹೆಸರಿಸಿ, ಕೆಡಿಸಿದವನಿಗೆ ಶಾಪವನ್ನು ಬರೆದು ನಿಲ್ಲುತ್ತದೆ. ನಾಳೆ ಅರಸನೇ ಮಾತು ತಪ್ಪಿದರೆ ಅವನಿಗೇ ಎದುರುಸಾಕ್ಷಿಯಾಗುತ್ತದೆ. ಗುಹೆಯ ಹೊತ್ತಿಗೆ ಯಾರಿಗೂ ಎದುರುಸಾಕ್ಷಿಯಾಗಲಾರದು. 'ಕಾಡಿನ ಹಳೆಯ ಗಾದೆ' ಎಂದು ಫಾಕ್ ಮೇಲಿಂದ ಮೇಲೆ ಕೊಡುವ ಮಾತುಗಳೂ ಹಾಗೆಯೇ. ಅವೆಲ್ಲ ನಾಯಕನ ಶಕ್ತಿ, ವೇಗ, ಕೋಪಗಳನ್ನೇ ಹೊಗಳುತ್ತವೆ. ಮಳೆ, ಬೆಳೆ, ಅತ್ತೆ, ಸೊಸೆ, ಸಾಲ, ಸಾಹುಕಾರ ಇವಾವುವೂ ಬಾರದ ಗಾದೆಗಳು ಯಾವ ಜನರ ಗಾದೆಗಳು?

ಶಿಕ್ಷೆಯ ವಿಷಯದಲ್ಲಿಯೂ ಒಂದು ಮಾತು. ನಾಯಕನ ಗುದ್ದಿನಿಂದ ದುಷ್ಟನ ದವಡೆಯ ಮೇಲೆ ಮೂಡುವ ತಲೆಬುರುಡೆಯ ಗುರುತು ಎಂದಿಗೂ ಅಳಿಯದು. ಓದುಗನಿಗೆ ಅದು ರೋಮಾಂಚಕಾರಿ. ಆದರೆ ಮನುಷ್ಯನ ಮೇಲೆ ಅಳಿಯದ ಗುರುತನ್ನೊತ್ತುವುದು ಈ ದೇಶದ ಚರಿತ್ರೆಯಲ್ಲಿ ಹೊಸದಲ್ಲ. ಕೆಲವು ಪ್ರಾಂತಗಳಲ್ಲಿ ಕೈದಿಗಳ ಹಣೆಯ ಮೇಲೆ ಹಚ್ಚೆ ಹೊಯ್ಯುವ ಪದ್ಧತಿ ೧೮೪೯ರವರೆಗೆ ಇದ್ದಿತು. ೧೮೭೧ರ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ೧೯೫೨ರಲ್ಲಿ ಅದು ರದ್ದಾದರೂ ಆ ಸಮುದಾಯಗಳ ಮೇಲಿನ ಕಳಂಕ ಬಹುಕಾಲ ಅಳಿಯಲಿಲ್ಲ. ವಿಚಾರಣೆಯಿಲ್ಲದ ಗುರುತಿನ ಭಾರವನ್ನು ಇತಿಹಾಸದ ವಿದ್ಯಾರ್ಥಿ ಉಂಗುರದ ಸೊಗಸಿನಲ್ಲಿ ಮರೆಯಬಾರದು.

೫

ಇಷ್ಟನ್ನು ಹೇಳಿ ಮುಗಿಸಿದರೆ ಫಾಕನಿಗೆ ಅನ್ಯಾಯವಾದೀತು. ದೀರ್ಘಕಾಲದ ಮಾಲಿಕೆಯನ್ನು ಒಂದು ವರ್ಷದ ಸಂಚಿಕೆಗಳಿಂದ ಅಳೆಯಲಾಗದು. ಲೋಕ ಬದಲಾದಂತೆ ಫಾಕನೂ ಬದಲಾದನು. ಆಫ್ರಿಕದ ದೇಶಗಳು ಸ್ವತಂತ್ರವಾಗತೊಡಗಿದ ೧೯೬೦ರ ದಶಕದಲ್ಲಿ ಅವನ ಕಾಡಿನ ನಾಡೂ ಗಣರಾಜ್ಯವಾಯಿತು. ಲುವಾಗಾ ಎಂಬ ಕರಿಯ ವೈದ್ಯನು ಚುನಾಯಿತ ಅಧ್ಯಕ್ಷನಾದನು. ಅವನನ್ನು ಕಿತ್ತೊಗೆಯಲು ಹವಣಿಸುವ ಸೇನಾನಿ ಖಳನಾದನು. ನಾಯಕಿ ಡಯಾನಾ ಬರಿಯ ಪ್ರೇಯಸಿಯಾಗಿ ಉಳಿಯದೆ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವ ಸ್ವತಂತ್ರ ಹೆಂಗಸಾದಳು; ನಾಲ್ಕು ದಶಕಗಳ ಪ್ರಣಯದ ತರುವಾಯ ೧೯೭೭ರಲ್ಲಿ ಅವರ ವಿವಾಹವಾಯಿತು. ಸೈ ಬ್ಯಾರಿಯ ರೇಖೆಗಳಲ್ಲಿ ಕಾಡಿನ ಜನರಿಗೆ ಪ್ರತ್ಯೇಕ ಮುಖಗಳು ಬಂದವು. ನೆರಳು ಬೆಳಕುಗಳ ಮಿತವ್ಯಯ, ಮಾತಿನ ಬಿಗಿ, ಒಂದೇ ಚೌಕದಲ್ಲಿ ಓಟವನ್ನು ಹಿಡಿದಿಡುವ ಕೌಶಲ ಇವು ಇಂದಿಗೂ ಮೆಚ್ಚತಕ್ಕವು. ಪಠ್ಯಪುಸ್ತಕವನ್ನು ಬಿಟ್ಟರೆ ಬೇರೆ ಓದಿಲ್ಲದ ಮನೆಗಳಿಗೆ ಓದಿನ ರುಚಿಯನ್ನು ತಂದ ಪುಣ್ಯವೂ ಇಂಥ ಮಾಲಿಕೆಗಳಿಗೆ ಸಲ್ಲಬೇಕು.

ಆದರೂ ಗಣರಾಜ್ಯ ಬಂದ ಮೇಲೆಯೂ ಗುಟ್ಟು ಹಾಗೆಯೇ ಉಳಿಯಿತು. 'ಜಂಗಲ್ ಪೆಟ್ರೋಲ್' ಎಂಬ ಕಾವಲುಪಡೆಗೆ ಅಪ್ಪಣೆಗಳು ಒಂದು ತಿಜೋರಿಯ ಮೂಲಕ ಅಜ್ಞಾತ ದಳಪತಿಯಿಂದ ಬರುತ್ತವೆ. ಪಡೆಯ ಕರ್ನಲನಿಗೂ ತನ್ನ ಒಡೆಯನಾರೆಂಬುದು ತಿಳಿಯದು. ಚುನಾಯಿತ ಅಧ್ಯಕ್ಷನಿರುವ ನಾಡಿನಲ್ಲಿ ಸಶಸ್ತ್ರ ಪಡೆಯೊಂದು ಹೆಸರಿಲ್ಲದವನ ಆಜ್ಞೆಯಲ್ಲಿ ನಡೆಯುವುದನ್ನು ಸಂವಿಧಾನವನ್ನೋದಿದ ಯಾವ ವಿದ್ಯಾರ್ಥಿಯೂ ಒಪ್ಪಲಾರನು. ಕಥೆಯಲ್ಲಾದರೆ ನಾವೆಲ್ಲರೂ ಒಪ್ಪಿ ಓದಿದೆವು. ಫಾಕ್ ಬಾವುಟವನ್ನು ಬದಲಿಸಿದನು, ಬೀಗದ ಕೈಯನ್ನು ಬದಲಿಸಲಿಲ್ಲ.

೬

ಫಾಕನ ಕಾಡಿನಲ್ಲಿ ಜನರು ಕೂಡುವುದು ತೀರ್ಪನ್ನು ಕೇಳುವುದಕ್ಕೆ. ನಮ್ಮ ಸೀಮೆಯಲ್ಲಿ ಜನರು ಬೇರೆ ಕಾರಣಕ್ಕಾಗಿ ಕೂಡಿದ್ದಾರೆ. ೧೯೨೫ರಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತು ನಿಪ್ಪಾಣಿಯಲ್ಲಿ ನೆರೆಯಿತು. ಅಲ್ಲಿ ಕೂಡಿದವರು ಕಾಯುವವನನ್ನು ಕರೆಯಲಿಲ್ಲ, ತಮ್ಮ ಹಕ್ಕನ್ನು ಹೇಳಿದರು. ೧೯೮೧ರಲ್ಲಿ, ಇಂದ್ರಜಾಲದ ಪುಸ್ತಿಕೆಗಳು ಇನ್ನೂ ಮಾರಾಟವಾಗುತ್ತಿದ್ದ ದಿನಗಳಲ್ಲಿಯೇ, ತಂಬಾಕು ಬೆಳೆಗಾರರು ಯೋಗ್ಯ ದರಕ್ಕಾಗಿ ನಿಪ್ಪಾಣಿಯ ಹೆದ್ದಾರಿಯಲ್ಲಿ ಬೀಡುಬಿಟ್ಟರು. ಏಪ್ರಿಲಿನಲ್ಲಿ ಗೋಲಿಬಾರಾಗಿ ರೈತರು ಮಡಿದರು. ಮುಸುಕು ತೊಟ್ಟವನಾರೂ ಅಲ್ಲಿ ಬರಲಿಲ್ಲ. ಈ ಎರಡು ಘಟನೆಗಳಿಗೂ ಸ್ಥಳ, ತಾರೀಖು, ಸಾಕ್ಷಿಗಳುಂಟು. ಇವುಗಳಲ್ಲಿ ಭಾಗವಹಿಸಿದವರು ಸಾಯುವವರೆಂದು ಎಲ್ಲರಿಗೂ ಗೊತ್ತಿತ್ತು, ಅವರ ಮಾತಿನ ತೂಕವೂ ಅದರಿಂದಲೇ ಬಂದಿತು.

ಮಾಲಿಕೆಯನ್ನು ತರಗತಿಯಿಂದ ದೂರವಿರಿಸಬೇಕೆಂದು ನಾವು ಹೇಳುವುದಿಲ್ಲ. ತರಗತಿಗೆ ತರಬೇಕೆಂದೇ ನಮ್ಮ ಅಭಿಪ್ರಾಯ. ಇಂದಿನ ವಿದ್ಯಾರ್ಥಿಗಳು ಫ್ಯಾಂಟಮನನ್ನು ಓದದಿರಬಹುದು. ಗುಟ್ಟನ್ನು ಹೊತ್ತ ಒಡೆಯನೊಬ್ಬನು ಅರಿಯದ ಪ್ರಜೆಗಳನ್ನು ಕಾಯುವ ಕಥೆಯನ್ನು ಅವರು ತೆರೆಯ ಮೇಲೆ ಮೇಲಿಂದ ಮೇಲೆ ನೋಡುತ್ತಿದ್ದಾರೆ. ಬಖರನ್ನಾಗಲಿ ಶಾಸನವನ್ನಾಗಲಿ ಓದುವಾಗ ನಾವು ಕೇಳಿಸುವ ಮೂರು ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಿಸಬಹುದು: ಇದನ್ನು ಬರೆದವರಾರು? ಇದು ಯಾರಿಗೆ ತಿಳಿದಿದೆ, ಯಾರಿಂದ ಮುಚ್ಚಿಡಲಾಗಿದೆ? ಇದರಲ್ಲಿ ಮಾತನಾಡದೆ ನಿಂತವರಾರು? ಈ ಪ್ರಶ್ನೆಗಳನ್ನು ಚಿತ್ರದ ಚೌಕದ ಮುಂದೆ ಕೇಳಲು ಕಲಿತ ವಿದ್ಯಾರ್ಥಿ ದಫ್ತರದ ಮುಂದೆಯೂ ಕೇಳುವನು, ಮತಗಟ್ಟೆಯ ಮುಂದೆಯೂ ಕೇಳುವನು.